ಬೆಣಿ

ಮೊದಲ ಚಪ್ಪಲಿ ಬಿಟ್ಟು ಸೀದಾ ನಿಂದ್ರಿ ಇನಾಮದಾರ ಸಾಹೇಬ್ರ,
ಕೈ ಸಡಿಲ ಬಿಡ್ರಿ, ಫೋಟೋಕ್ಕ ನಿಂತಂಗ ಬ್ಯಾಡ.
ಮಣಿಕಟ್ಟಿಂದ ನೆಲಕ್ಕ ಎಷ್ಟ ಐತಿ ನೋಡ್ತೀನಿ.
ಈ ಟೇಪು ನನ್ನ ಹೆಂಡ್ತಿದು, ಜಂಪರ್ ಹೊಲಿತಾಳ.
ಮೂವತ್ನಾಕೂವರಿ.
ಹಂಗಾರ ಉದ್ದ ಸರಿ ಐತಿ,
ಕತ್ತರಿಸೂದಿಲ್ಲ, ಜೋಡಿಸೂದಿಲ್ಲ.

ಅದನ್ನ ಕೆಳಗಿಡ್ರಿ. ಹೊಳಿತೈತಿ, ಗೊತ್ತು.
ಕತ್ತಿಯಂಥಾ ತೆಳು ಐರನ್ನು, ಬ್ಲೇಡ್ ಅಂತಾರ.
ನಿಮ್ಮ ಜಿ.ಎಂ. ಹತ್ರ ಐತಿ ಅಂದ್ರಲ್ಲ,
ಅವ್ರ ಚೀಲ ನಾನ ಹೊತ್ತೀನಿ ಆರು ವರ್ಷ,
ಅವ್ರ ಚೆಂಡು ಹುಡುಕಿದಾಂವನೂ ನಾನ:
ಯರವಡಾದ ಮುಳ್ಳುಕಂಟ್ಯಾಗ, ಗಟಾರದಾಗ,
ಒಮ್ಮೆ ಯಾರೋ ಮುದುಕಿ ಒಣಗಾಕ ಹಾಕಿದ್ದ
ಹಪ್ಪಳದ ಮ್ಯಾಲ.
ನಟ್ಟನಡುವ ಹತ್ತಿದ್ರ ಬೆಣ್ಣಿ ಕೊಯ್ದಂಗ,
ಒಂದು ಕಡ್ಡಿ ಅತ್ತಿತ್ತ ಆತಂದ್ರ
ಮೊಣಕೈತನಾ ಜುಮ್ ಅಂತೈತಿ, ಹಲ್ಲ ನಡಗತಾವ.
ಇದು ನೋಡ್ರಿ. ಬೆನ್ನ ಟೊಳ್ಳು, ತೂಕ ಅಂಚಿಗೆ.
ನೋಡಾಕ ಸಾರಿನ ಸವಟು.
ಆದ್ರ ನಿಮ್ಮ ತಪ್ಪ ಅರ್ಧ ತಾನ ನುಂಗತೈತಿ.
ಮನ್ಯಾಗ ಅಂಥಾವ್ರು ಎಷ್ಟ ಮಂದಿ ಅದಾರ, ಹೇಳ್ರಿ.

ತಳಕ್ಕ ಈ ಟೇಪು ಅಂಟಿಸಿ ಹಲಗಿ ಮ್ಯಾಲ ಬೀಸ್ರಿ.
ಗಾಯ ಹಿಮ್ಮಡಿ ಕಡೆ ಬಿದ್ದೈತಿ, ಕಂಡ್ರಾ?
ನಿಮ್ಮ ಚೆಂಡು ಎಡಕ್ಕ ಎಳೀತೈತಿ ಅಂತ
ನೀವ ಹೇಳೂದಕ್ಕಿಂತ ಮೊದಲ ಅದು ಹೇಳ್ತು.
ಎರಡು ಡಿಗ್ರಿ ಬಗ್ಗಸ್ತೀನಿ. ಕಬ್ಬಿಣ ಅಲ್ಲೇನು,
ಕೇಳತೈತಿ.

ಇನ್ನ ವೆಜ್ಜು.
ನಾಕು ಬ್ಯಾಡ, ಎರಡ ಸಾಕು.
ಸೆಟ್ಟಿನಾಗಿನ ಕಡೀದು ನಲವತ್ತೈದು,
ಅದಕ್ಕ ಐವತ್ತೊಂದು, ಐವತ್ತಾರು.
ಅರವತ್ತು ಬೇಕಂತೀರಿ. ಅದು
ಮುಗಿಲಿಗೆ ಹೊಡದು ಕಾಲಾಗ ಕೆಡವೂ ಆಟ,
ರವಿವಾರ ಒಂದ ದಿನ ಬರಾವ್ರಿಗಲ್ಲ.
ತಳದ ಉಬ್ಬಿನ ಮ್ಯಾಲ ಬೆರಳಾಡಿಸ್ರಿ:
ಮೇ ತಿಂಗಳದಾಗ ಪುಣೇದ ನೆಲ ಹಂಚು,
ಉಬ್ಬು ಹೆಚ್ಚಾದ್ರ ಪುಟದು ಚೆಂಡಿನ ನೆತ್ತಿಗೆ ಬಡೀತೈತಿ;
ಆಷಾಢದಾಗ ಅದ ನೆಲ ನಾದಿದ ಹಿಟ್ಟು,
ಉಬ್ಬು ಇಲ್ಲಂದ್ರ ಕೈಯಾಗಿಂದು ಗುದ್ದಲಿ.
ನಡುವಿಂದು ತಗೋರಿ.

ವೆಜ್ಜು ಅಂದ್ರ ಬೆಣಿ, ಸಾಹೇಬ್ರ.
ನಮ್ಮಪ್ಪ ಹುಲಗಪ್ಪ ಇಳಕಲ್ಲಿನ ಕೆಂಪು ಕಲ್ಲ ಬಿಟ್ಟು
ವಾಘೋಲಿಯ ಕರೀ ಕಲ್ಲಿಗೆ ಬಂದಾಗ
ಹೆಗಲ ಮ್ಯಾಲ ಗೋಣಿಚೀಲ, ಅದರಾಗ ಹನ್ನೊಂದ ಬೆಣಿ.
ಸಾಲಾಗಿ ತೂತ ಕೊರದು ಒಂದೊಂದ ಇಳಿಸಿ
ಒಂದೊಂದಕ್ಕ ಒಂದೊಂದ ಏಟು, ಜೋರಿಲ್ಲ,
ಆ ತುದಿಯಿಂದ ಈ ತುದಿಗೆ, ಮತ್ತ ತಿರುಗಿ,
ಕಿವಿ ಕಲ್ಲಿಗೆ ಹಚ್ಚಿ.
ಠಣ್ ಅನ್ನೂದು ಠಕ್ ಅಂದಾಗ
ಸುತ್ತಿಗಿ ಇಟ್ಟು ಬೀಡಿ ಹಚ್ಚತಿದ್ದ.
ಬೀಡಿ ಮುಗಿಯೂದ್ರಾಗ ಕಲ್ಲ ತಾನ ಬಾಯಿ ಬಿಡತಿತ್ತು.

ಆ ಖಣ್ಯಾಗ ಈಗ ನೀರು, ಸುತ್ತ ಹದಿನೆಂಟ ಮಾಳಿಗಿ.
ಪುಡಿ ಎಲ್ಲೆಲ್ಲೆ ಹೋತೋ.
ಹದಿಮೂರನೇ ಕುಣಿ ಮುಂದಿನ ಬಂಕರಿನ ಉಸುಕಿನಾಗ
ಒಮ್ಮೊಮ್ಮೆ ಕರೀ ಕಾಳು ಕಾಣತಾವ.
ಕುಂಟಿ ಎಳದು ಸಮ ಮಾಡಿ ಬರ್ತೀನಿ,
ಯಾರನ್ನೂ ಕೇಳಾಕ ಹೋಗಿಲ್ಲ.

ಈ ಏಳನೇ ನಂಬರ್ ಒಂದ ಒಯ್ಯಿರಿ ಇವತ್ತ,
ಉಳಿದದ್ದು ಆಮ್ಯಾಲ, ರೊಕ್ಕನೂ ಆಮ್ಯಾಲ.
ಹತ್ತು ಚೆಂಡು ಹೊಡೀರಿ, ಎಲ್ಲಿ ಹೋತು ನೋಡಬ್ಯಾಡ್ರಿ,
ಸಪ್ಪಳ ಕೇಳ್ರಿ.

ಹೋಗೂವಾಗ ನೋಡ್ಕೊಂಡು ಕಾಲಿಡ್ರಿ,
ಗಾಳಿಗೆ ಬಡೀಬಾರದಂತ ಕದಕ್ಕ ಬೆಣಿ ಕೊಟ್ಟೀನಿ,
ಹನ್ನೊಂದರಾಗ ಉಳದದ್ದು ಅದೊಂದ.
ಗಿರಾಕಿ ಇಲ್ಲದ ಒಂದ ಮಧ್ಯಾಹ್ನ
ಡಿಗ್ರಿ ನೋಡೂ ಯಂತ್ರಕ್ಕ ಅದನ್ನೂ ಹಚ್ಚಿದ್ದೆ.
ಒಂದು ಮಗ್ಗಲಿಗೆ ಹದಿಮೂರು, ಒಂದಕ್ಕ ಹನ್ನೊಂದು;
ನೆತ್ತಿ ಎಡಕ್ಕ ಸವದಿತ್ತು.
ಅಪ್ಪ ಎಡಚ ಇದ್ದ ಅನ್ನೂದು
ಅವತ್ತ ನೆನಪಾತು.