ಆ ಕೂಸಿನ ಪುಸ್ತಕ ಬಂತಾ?

ತಾಳವಾಡಿಯ ಕಿಳೈ ನೂಲಗದಲ್ಲಿ
ಬೋರ್ಡು ತಮಿಳಿನದು, ಹರಟೆ ಕನ್ನಡದ್ದು.
ಕನ್ನಡಕ್ಕೆಂದು ಒಂದೂವರೆ ಕಪಾಟು,
ಉಳಿದರ್ಧದಲ್ಲಿ ನನ್ನ ಊಟದ ಡಬ್ಬಿ, ಗೆದ್ದಲ ಪುಡಿ.
ಅಲ್ಲಿಂದ ಹೊರಟ ಒಂದು ಕಾದಂಬರಿ
ನಾಲ್ಕು ತಿಂಗಳಾಯಿತು, ತನ್ನ ಸಂದಿಗೆ ಮರಳಿಲ್ಲ.
ಅದರ ಹೆಸರು ಯಾರ ಬಾಯಲ್ಲೂ ನಿಲ್ಲುವುದಿಲ್ಲ.
ಕಿಟಕಿಯಲ್ಲಿ ತಲೆ ತೂರಿಸಿ ಕೇಳುತ್ತಾರೆ:
"ಆ ಕೂಸಿನ ಪುಸ್ತಕ ಬಂತಾ?"

ಕತೆ ಇಷ್ಟೇ. ಐದು ವರ್ಷದವಳು
ಸೌದೆಗೆ ಹೋದವರ ಬೆನ್ನಿಗೆ ಹೋಗಿ
ಬಿದ್ದ ನೆಲ್ಲಿಕಾಯಿ ಆಯುತ್ತ ಆಯುತ್ತ
ತಲೆ ಎತ್ತಿದರೆ ಯಾರೂ ಇಲ್ಲ, ಮರಗಳೆಲ್ಲ ಒಂದೇ ಥರ.
ಮೂರು ರಾತ್ರಿ, ಇನ್ನೂರ ಎಂಟು ಪುಟ.
ಕೊನೆಗೆ ದೂರದಲ್ಲೊಂದು ಟಾರ್ಚು ಕಂಡು
ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಮುಗಿಯಿತು.
ಕೂಗಿದಳೋ ಇಲ್ಲವೋ, ಬರೆದವರು ಹೇಳಲಿಲ್ಲ.

ಕಂಡಕ್ಟರ್ ದೊರೆಸಾಮಿಗೆ ಸಿಟ್ಟು.
ದಿಂಬದ ಹದಿನಾಲ್ಕನೆಯ ತಿರುವಿನಲ್ಲಿ ಓದುತ್ತ
ಮೂರು ಟಿಕೆಟ್ ಹರಿಯುವುದ ಮರೆತನಂತೆ,
ಬಣ್ಣಾರಿಯಲ್ಲಿ ಚೆಕಿಂಗು.
"ಇನ್ನೊಂದು ಸಾಲು ಬರೆದಿದ್ರೆ
ಅವನ ಗಂಟೇನು ಹೋಗ್ತಿತ್ತು?"

ಫಾರೆಸ್ಟ್ ವಾಚರ್ ಮಸಣಯ್ಯ ತಪ್ಪುಗಳ ಪಟ್ಟಿ ತಂದ,
ಬೀಡಿಕಟ್ಟಿನ ಕಾಗದದ ಮೇಲೆ.
"ಶಿವರಾತ್ರಿ ಕಳೆದ್ಮೇಲೆ ತೇಗದಲ್ಲಿ ಎಲೆ ಎಲ್ಲದೆ?
ಆನೆ ಹತ್ರ ಇದ್ರೆ ಮೊದ್ಲು ವಾಸನೆ ಬತ್ತದೆ, ಸದ್ದಲ್ಲ.
ಮೊಗ ಮೂರು ರಾತ್ರಿನೂ ಅತ್ತಿತಂತೆ. ಸುಳ್ಳು.
ಮೊದಲ್ನೇ ರಾತ್ರಿ ಅಳ್ತದೆ.
ಎರಡನೇದ್ರಲ್ಲಿ ಸುಮ್ನಾಯ್ತದೆ.
ಸುಮ್ನಾದ ಮೇಲೇ ಹುಡುಕೋದು ಕಷ್ಟ."
ನಿನಗೆ ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ.
ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಹೋದ.

ಸೋಲಿಗರ ಕೇತಮ್ಮನಿಗೆ ಮೊಮ್ಮಗ ಓದಿ ಹೇಳಿದ್ದ,
ರಜೆಗೆ ಬಂದವನು, ದಿನಕ್ಕೆ ಹತ್ತು ಪುಟ.
ಪುಸ್ತಕ ಕೊಡಲು ತಾನೇ ಬಂದಳು:
"ಕಾಡಲ್ಲಿ ಕೂಸು ತಪ್ಪಿಸ್ಕಂತದಾ, ಅವ್ವಾ?
ನಮ್ಮ ಕೂಸುಗಳು ತಪ್ಪಿಸ್ಕಳೋದು ಹಾಸ್ಟೆಲಲ್ಲಿ.
ಅದ್ನ ಯಾರೂ ಬರಿಯಾಕಿಲ್ವಾ?"
ರಿಜಿಸ್ಟರಿನಲ್ಲಿ ಅಭಿಪ್ರಾಯಕ್ಕೊಂದು ಕಾಲಂ ಇದೆ.
ಅಷ್ಟು ಹಿಡಿಸುವಷ್ಟು ಅಗಲ ಅದಕ್ಕಿಲ್ಲ.

ಅರುಳ್‌ಮೊಳಿ ಟೀಚರ್ ಸೇಲಂ ಕಡೆಯವರು.
ಮಕ್ಕಳ ಮಾತು ತಿಳಿಯಲೆಂದು
ಅಕ್ಷರ ಕೂಡಿಸಿ ಕೂಡಿಸಿ ಓದುವವರು.
ನಲವತ್ತನೆಯ ಪುಟದಲ್ಲಿ ನಿಂತು ಕೇಳಿದರು:
"ಈ ಕಕ್ಕಾಬಿಕ್ಕಿ ಯಾವ ಹಕ್ಕಿ?"
ನಕ್ಕೆ. ಅರ್ಥ ಹೇಳಿದೆ.
ಅವರು ನಗಲಿಲ್ಲ. "ಓ, ಮೊದಲ ವರ್ಷ
ಇಲ್ಲಿ ನಾನು ಅದೇ ಆಗಿದ್ದೆ," ಎಂದರು.

ಆಮೇಲೆ ಗೌರಮಣಿ.
ಚೆಂಡುಹೂವಿನ ಹೊಲದ ಕೂಲಿ.
ಇಪ್ಪತ್ತೆರಡು ದಿನ ತಡಮಾಡಿ ತಂದು
ದಂಡದ ಚಿಲ್ಲರೆ ಎಣಿಸಿಟ್ಟಳು. ಒಂದು ಮಾತಿಲ್ಲ.
ಹೋದ ಮೇಲೆ ಪುಟ ತಿರುವಿದೆ:
ಅಂಚಿನಲ್ಲಿ ಹಳದಿ ಹೆಬ್ಬೆರಳ ಗುರುತು,
ಇನ್ನೂರ ಏಳರ ತನಕ ಪುಟಕ್ಕೊಂದೊಂದು,
ಇನ್ನೂರ ಎಂಟರಲ್ಲಿ ಒಂಬತ್ತು.
ಕಟ್ಟಕಡೆಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ,
ಹಾಳೆ ತೂತು ಬೀಳುವಷ್ಟು ಒತ್ತಿ,
ಕೂಗಿದಳು.

ಗೀಚಿದ್ದನ್ನು ಅಳಿಸುವುದು ನನ್ನ ಕೆಲಸ.
ಎಷ್ಟೋ ಮೀಸೆ ಅಳಿಸಿದ್ದೇನೆ, ಫೋನ್ ನಂಬರು,
ಬಾಣ ಚುಚ್ಚಿಕೊಂಡ ಹೃದಯ,
ಒಮ್ಮೆ ಯಾರದೋ ಹಾಲಿನ ಲೆಕ್ಕ.
ರಬ್ಬರು ಹಿಡಿದು ಕೂತೆ. ಮಧ್ಯಾಹ್ನ ಕಳೆಯಿತು.
ಡಬ್ಬಿ ಬಿಚ್ಚಿ ಉಂಡೆ.

ಈರೋಡಿನಿಂದ ಆಡಿಟ್ಟಿನವರು ಬಂದರು.
ಕನ್ನಡ ಬಾರದವರು, ಕಣ್ಣು ಚುರುಕು.
ಪೆನ್ಸಿಲಿನ ಮೇಲೆ ಬೆರಳಿಟ್ಟು "ಇದೇನಮ್ಮಾ?"
"ಅಚ್ಚಿನಲ್ಲಿ ಬಿಟ್ಟುಹೋಗಿದ್ದ ಪದ ಸಾರ್,
ಓದುವವರು ಸೇರಿಸಿದ್ದಾರೆ."
ಅವರು ಮೊಹರು ಒತ್ತಿದರು.

ಪುಸ್ತಕ ಈಗ ತಲಮಲೆಯ ಕಡೆ ಎಲ್ಲೋ ಇದೆ.
ವಾಯಿದೆ ಮುಗಿದು ಒಂಬತ್ತು ದಿನ.
ಜ್ಞಾಪನದ ಕಾರ್ಡು ಬರೆದಿಟ್ಟಿದ್ದೇನೆ,
ಅಂಚೆಗೆ ಹಾಕಿಲ್ಲ.