ಮೂರನೇ ನಂಬರಿನ ಚಪ್ಪರ

ಹನ್ನೊಂದು ತಿಂಗಳ ಮುಂಚೆಯೇ ಹಿಡಿಯಬೇಕು ಈ ಚಪ್ಪರ.
ಸೆಪ್ಟೆಂಬರಿನ ಒಂದು ಬೆಳಗ್ಗೆ, ಎಂಟಕ್ಕೆ ಸರಿಯಾಗಿ,
ರಾತ್ರಿಪಾಳಿ ಮುಗಿಸಿ ಬಂದು, ಆಸ್ಪತ್ರೆಯ ಅಂಗಿಯಲ್ಲೇ,
ಟೊಲೀಡೊದ ಅಡುಗೆಮನೆಯಲ್ಲಿ ಕೂತು ಒತ್ತಿದೆ.
ಒಂದು ನಿಮಿಷ ತಡೆದಿದ್ದರೆ ಪೋಲಿಷ್ ಚರ್ಚಿನವರ ಪಾಲು.

ದಿನದ ಬಾಡಿಗೆ ನೂರಾ ಹತ್ತು ಡಾಲರ್.
ಹನ್ನೆರಡು ಮೇಜು, ಎರಡು ಒಲೆ, ಒಂದೇ ಒಂದು ಪ್ಲಗ್ಗು,
ನೀರಿನ ನಲ್ಲಿ ನೂರು ಹೆಜ್ಜೆ ದೂರ.
ಹೆಂಡ ಕೂಡದು. ಕಂಬಕ್ಕೆ ಮೊಳೆ ಹೊಡೆಯಕೂಡದು.
(ಚಪ್ಪರವಂತೆ, ತೋರಣಕ್ಕೊಂದು ಮೊಳೆಯಿಲ್ಲ.)
ಎಲ್ಲಕ್ಕೂ ಹೂಂ ಎಂದೆ.
ಕೊನೆಗೊಂದು ಖಾಲಿ ಚೌಕ:
ಎಷ್ಟು ಜನ?

ಹೇಗೆ ಹೇಳಲಿ, ಬರುವ ಆಗಸ್ಟಿಗೆ ಎಷ್ಟು ಜನ?
ಐರಿನ್ ಡಿಸೋಜಾಳ ಹೊಟ್ಟೆಯಲ್ಲಿರುವುದು ಒಂದೋ ಎರಡೋ
ಅವಳಿಗೇ ಗೊತ್ತಿಲ್ಲ.
ಫಕೀರಪ್ಪನವರಿಗೆ ವೀಸಾ ಕೊಡುವರೋ, ತಿರುಗಿ ಕಳಿಸುವರೋ.
ಸುಜಯಾಳನ್ನೂ ಶ್ರೀಕರನನ್ನೂ ಇಬ್ಬರು ಎನ್ನಲೋ
ಒಂದು ಮನೆ ಎನ್ನಲೋ, ಆಗಲೇ ಪಿಸುಮಾತಿತ್ತು.
ಪಂಕ್ತಿಯ ಲೆಕ್ಕ ಎಲೆ ಹಾಸಿದ ಮೇಲೆ ಎಂದು ಕಲಿತವಳು ನಾನು;
ಇಲ್ಲಿ ಬತ್ತ ಬಿತ್ತುವ ಮೊದಲೇ ಹೇಳಬೇಕು.
ಎಂಬತ್ತು ಎಂದು ತುಂಬಿದೆ,
ಜಾತಕ ಬರೆಯುವವರ ಧೈರ್ಯದಲ್ಲಿ.

ಆಗಸ್ಟಿನ ಶನಿವಾರ. ಈರೀ ಸರೋವರದ ಗಾಳಿ
ಪೇಪರ್ ತಟ್ಟೆಗಳ ಜೊತೆ ಜಗಳಕ್ಕೆ ನಿಂತಿತ್ತು.
ಮೊದಲು ಬಂದವಳು ನಾನೇ, ಬಿಸಿಬೇಳೆಬಾತಿನ ಕೊಳಗಕ್ಕೆ
ಸೀಟ್ ಬೆಲ್ಟ್ ಬಿಗಿದು.
ಕಂಬದ ಮೇಲೆ, ಪ್ಲಾಸ್ಟಿಕ್ ಹೊದಿಸಿ, ಪಾರ್ಕಿನವರ ಚೀಟಿ:
ಮೂರನೇ ನಂಬರು. ಹತ್ತರಿಂದ ಸಂಜೆ ಎಂಟು.
ಕೆನಡಾ ಸಂಘ. ಎಂಬತ್ತು ಜನ.

ಕೆ ಇಂದಲೇ ಶುರು ಮಾಡಿದ್ದೆ, ಎರಡು ಎನ್ ಹಾಕಿದ್ದೆ;
ಯಾರೋ ಪುಣ್ಯಾತ್ಮರು ತಪ್ಪು ತಿದ್ದಿದ್ದರು.

ಚೀಟಿ ಓದಿ ನಿಂತರು ಒಬ್ಬ ಮುದುಕ, ಒಬ್ಬಳು ಮುದುಕಿ, ಒಂದು ನಾಯಿ.
ವಿಂಡ್ಸರಿನವರಂತೆ, ಗಡಿಯಾಚೆಯವರು.
"ಕೆನಡಾದಲ್ಲಿ ಯಾವ ಕಡೆ ನಿಮ್ಮದು?" ಎಂದಳು ಡೋರೀನ್.
ಕಲ್ಲಪ್ಪನವರಿಗೆ ಕಿವಿ ಮಂದ, ಕನ್ನಡವೆಂದೇ ಕೇಳಿಸಿತು.
"ಗದಗ ಕಡಿ ರೀ" ಎಂದರು, ಎದೆಯುಬ್ಬಿಸಿ,
"ಬಿಸಲು ಭಾಳ. ಮೆಣಸಿನಕಾಯಿ ಛಲೋ ಬರ್ತಾವ."
ಮುದುಕ ತಲೆದೂಗಿದ: ದೊಡ್ಡ ದೇಶ,
ಎಲ್ಲ ಕಡೆ ಹೋಗಿ ನೋಡಲಾದೀತೇ.
ನಾವ್ಯಾರೂ ತಿದ್ದಲಿಲ್ಲ. ತಟ್ಟೆ ಕೊಟ್ಟೆವು.

ಮೇಜುಗಳಿಗೆ ಇಲ್ಲಿ ಸರಪಳಿ; ಸಿಮೆಂಟಿಗೆ ಬಿಗಿದಿದ್ದಾರೆ,
ಯಾರೂ ಕದಿಯದಂತೆ, ಯಾರೂ ಹತ್ತಿರಕ್ಕೆಳೆಯದಂತೆ.
ಒಂದನೇ ಮೇಜಿನಲ್ಲಿ ಸುಜಯಾ, ಹನ್ನೆರಡನೆಯದರಲ್ಲಿ ಶ್ರೀಕರ,
ನಡುವೆ ಹತ್ತು ಮೇಜಿನಷ್ಟು ಮೊಸರನ್ನ, ಚಕ್ಕುಲಿ, ಮಾತು.
ಆರು ವರ್ಷದ ಇಂಚರ
ಆ ಕಡೆಯ ಕೋಸಂಬರಿ ಈ ಕಡೆಗೆ, ಈ ಕಡೆಯ ಹಪ್ಪಳ ಆ ಕಡೆಗೆ
ಸಾಗಿಸುತ್ತಲೇ ಇದ್ದಳು, ಯಾರೂ ಕೇಳದಿದ್ದರೂ.
ಡೋರೀನಳ ನಾಯಿ ಅವಳ ಬೆನ್ನಿಗೆ;
ಹಪ್ಪಳದಲ್ಲಿ ಅರ್ಧ ಅದಕ್ಕೇ ಸಂದಿತು.

ಮೂರು ಸಲ ಎಣಿಸಿದೆ. ಎಪ್ಪತ್ತಾರು. ತೊಂಬತ್ತೊಂದು.
ಮೂರನೆಯ ಸಲಕ್ಕೆ ಮಕ್ಕಳೆಲ್ಲ ನೀರಿಗಿಳಿದಿದ್ದರು.
ಐರಿನಳ ಅವಳಿ ಒಂದೇ ಚಾಪೆಯಲ್ಲಿ ನಿದ್ದೆ, ಎರಡೆಂದು ಹಿಡಿದೆ.
ಫಕೀರಪ್ಪನವರು ಹುಬ್ಬಳ್ಳಿಯಿಂದ, ಫೋನಿನೊಳಗೆ,
ಬನಿಯನ್ನಿನಲ್ಲಿ ಕೂತು ಎಲ್ಲರನ್ನೂ ಹೆಸರಿಡಿದು ಕರೆದರು;
ಇರುವ ಒಂದು ಪ್ಲಗ್ಗಿಗೆ ಕಾಫಿ ಯಂತ್ರ ಕಿತ್ತು
ಅವರನ್ನು ಸಿಕ್ಕಿಸಿದ್ದೆವು.
ಎಣಿಸಲೋ, ಬೇಡವೋ?

ಎಂಟಕ್ಕೆ ಹತ್ತು ನಿಮಿಷವಿತ್ತು. ರೇಂಜರ್ ಹುಡುಗಿ ಬಂದಳು.
ಕಸದ ಚೀಲ, ಒಲೆಯ ಬೂದಿ, ಕಂಬ, ಎಲ್ಲ ನೋಡಿದಳು.
"ಎಂಬತ್ತೂ ಜನ ಬಂದಿದ್ದರಾ?" ಸುಮ್ಮನೆ ಕೇಳಿದ್ದು.
ಹೌದು ಎಂದೆ.

ಸೌಟು ತೊಳೆಯಲು ನೂರು ಹೆಜ್ಜೆ ನಡೆದೆ.
ಅದು ಒತ್ತಿ ಹಿಡಿದರಷ್ಟೇ ಸುರಿಯುವ ನಲ್ಲಿ.
ಶ್ರೀಕರ ಬಗ್ಗಿ ಕೊಳಗ ಉಜ್ಜುತ್ತಿದ್ದ;
ಸುಜಯಾ, ಬೇರೆ ಕಡೆ ನೋಡುತ್ತ,
ಗುಂಡಿ ಒತ್ತಿ ಹಿಡಿದಿದ್ದಳು.
ಮಾತಿರಲಿಲ್ಲ, ನೀರಿನದಷ್ಟೇ ಸದ್ದು.

ಹಾಗೇ ತಿರುಗಿ ಬಂದೆ.
ಮನೆ ಮುಟ್ಟುವ ತನಕ ಕಾರಿನ ತುಂಬ
ತೊಳೆಯದ ಸೌಟಿನ ವಾಸನೆ.