ಐದು ಪೆಟ್ಟಿಗೆ

ಹಗಲು ಶಾಲೆಯ ಬಸ್ಸು ಓಡಿಸುತ್ತೇನೆ.
ರಾತ್ರಿ ಸೊಂಟದ ಪೇಜರ್ ಕೂಗಿದರೆ
ಮಲಗುವ ಬಟ್ಟೆಯ ಮೇಲೇ ಕೋಟು ಸಿಕ್ಕಿಸಿಕೊಂಡು
ಆಂಬ್ಯುಲೆನ್ಸಿಗೆ ಓಡುತ್ತೇನೆ, ಸಂಬಳವಿಲ್ಲದೆ.
ಸುಪೀರಿಯರ್ ಸರೋವರದ ದಂಡೆಯ ಈ ಊರಲ್ಲಿ
ಮೇ ತಿಂಗಳಲ್ಲೂ ಚರಂಡಿಯ ಅಂಚಿಗೆ ಹಿಮ ಕೂತಿರುತ್ತದೆ
ಬಾಕಿ ವಸೂಲಿಗೆ ಬಂದವನ ಹಾಗೆ.

ಆರ್ವೋ ಕೆಟ್ಟುನೆನ್ ನನಗೆ ಮೊದಲು ಗೊತ್ತಾದದ್ದು
ಒಂದು ದೀಪವಾಗಿ.
ಬೆಳಗಿನ ಜಾವ ಮೂರಕ್ಕೆ ಹಿಂತಿರುಗುವಾಗ
ಇಡೀ ಕ್ವಾರಿ ರಸ್ತೆ ಮಲಗಿದ್ದರೂ
ಠಾಣೆಯ ಎದುರಿನ ದಿಣ್ಣೆಯಲ್ಲಿ ಅವನ ಅಡುಗೆಮನೆ ಎಚ್ಚರ.
"ಆರನೆಯ ಗಾಡಿ ಠಾಣೆಗೆ ಬಂತು" ಎಂದು
ಮೈಕಿನಲ್ಲಿ ಅಂದೆನೋ ಇಲ್ಲವೋ
ಆ ಕಿಟಕಿ ಕತ್ತಲಾಗುತ್ತಿತ್ತು.
ಕಾಕತಾಳೀಯವಿರಬೇಕು ಅಂದುಕೊಂಡೆ.
ಒಂದು ರಾತ್ರಿ ಗಾಡಿ ನಿಲ್ಲಿಸಿ, ಮೈಕು ಹಿಡಿದೇ
ಹತ್ತು ನಿಮಿಷ ಸುಮ್ಮನೆ ಕೂತೆ.
ದೀಪ ಕಾಯಿತು.
ನಾಚಿಕೆಯಾಗಿ ಹೇಳಿದೆ. ಆರಿತು.

ಬೇಟೆ ಸಾಮಾನಿನ ಅಂಗಡಿಯ ಸರದಿಯಲ್ಲಿ
ಬೆನ್ನ ಹಿಂದಿನಿಂದ ಒಂದು ದನಿ:
"ನಿನ್ನ ಮೈಕಿನ ವೈರು ಕುತ್ತಿಗೆಯ ಹತ್ತಿರ ಸೀಳಿದೆ.
ಪ, ಬ ಬಂದಲ್ಲೆಲ್ಲ ಮಾತು ಒಡೆಯುತ್ತದೆ. ಬದಲಿಸು."
ಹೇಗಿದ್ದೀ ಇಲ್ಲ, ಹೆಸರಿಲ್ಲ.
ಬದಲಿಸಿದೆ. ಕಾಫಿಗೆ ಕರೆದ.

ಬ್ರೆಡ್ಡಿನ ಕಪಾಟು ಇರಬೇಕಾದಲ್ಲಿ ಐದು ಸ್ಕ್ಯಾನರು.
ಬಿಳಿ ಅಂಟುಪಟ್ಟಿಯ ಮೇಲೆ ಪೆನ್ಸಿಲಿನ ಅಕ್ಷರ:
ಬೆಂಕಿ. ಶೆರಿಫ್. ಆಂಬ್ಯುಲೆನ್ಸ್. ಸರೋವರ.
ಅಟ್ಟದ ಆಂಟೆನಾದಿಂದ ಇಳಿದ ಕೇಬಲ್ಲು ಕಿಟಕಿಯ ಸಂದಿಯಲ್ಲಿ,
ಗಾಳಿ ನುಗ್ಗದಂತೆ ಸುತ್ತ ತುರುಕಿದ ಉಣ್ಣೆಯ ಕಾಲುಚೀಲ.
ಮೇಜಿನಡಿ ಲಾರಿಯ ಬ್ಯಾಟರಿ.
"ಒಂದೇ ಯಂತ್ರ ಎಲ್ಲ ಚಾನೆಲ್ಲನ್ನೂ ಸುತ್ತುತ್ತದಲ್ಲ?"
"ಸುತ್ತುತ್ತದೆ. ಬೆಂಕಿಯವರ ಮಾತಿಗೆ ನಿಂತಾಗ
ಮುಳುಗುವವನ ಮಾತು ತಪ್ಪಿಹೋಗುತ್ತದೆ."
ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಕಿವಿ.
ಬೆಂಕಿ ಎಡಕ್ಕೆ, ನೀರು ಬಲಕ್ಕೆ;
ಕಣ್ಣು ಮುಚ್ಚಿದ್ದರೂ ತಿಳಿಯಬೇಕು
ಕೇಡು ಯಾವ ಕಡೆಯದೆಂದು.

ಐದನೆಯದಕ್ಕೆ ಪಟ್ಟಿಯಿಲ್ಲ. ಬರೀ ಸರಸರ.
"ಇದು?"
"ತಾಮ್ರದ ಗಣಿಯದು. ಮುಚ್ಚಿ ಇಪ್ಪತ್ತೆಂಟು ವರ್ಷ."
"ಹಾಗಾದರೆ ಏನೂ ಬರುವುದಿಲ್ಲ."
"ಬರಬಾರದು. ಬರುತ್ತಿಲ್ಲವೆಂಬ ಖಾತ್ರಿಗೆ ಇಟ್ಟಿದ್ದೇನೆ."
ಏಲಕ್ಕಿಯ ಬ್ರೆಡ್ಡು ದಪ್ಪಗೆ ಕತ್ತರಿಸಿ ಮುಂದಿಟ್ಟ.

ಯಾರ ಗಂಡ ಮತ್ತೆ ಕೈಯೆತ್ತಿದ,
ಯಾರ ಎದೆ ನಿಂತು ಮತ್ತೆ ನಡೆಯಿತು,
ಎಲ್ಲ ಆ ಮೇಜಿನ ಮೇಲೆಯೇ ಹಾದುಹೋಗಿತ್ತು.
ಅಂಗಡಿಯಲ್ಲಿ ಅವನು ಮಾತಾಡಿದ್ದು ವೈರಿನ ಬಗ್ಗೆ ಮಾತ್ರ.
ಸ್ಕ್ಯಾನರಿನ ಜಾತಿಯವನು ಅಂದುಕೊಂಡೆ:
ಕಿವಿಯುಂಟು, ಬಾಯಿಲ್ಲ.

ನವೆಂಬರಿನ ಗಾಳಿ ಗುಡ್ಡದ ಗೋಪುರವನ್ನು ಕೆಡವಿದ ರಾತ್ರಿ
ಊರಿನ ಕರೆಂಟು ಹೋಯಿತು, ಮೊಬೈಲುಗಳೂ ಸತ್ತವು.
ಕ್ವಾರಿ ತಿರುವಿನಲ್ಲಿ ನನ್ನ ಗಾಡಿ ಕಂದಕಕ್ಕೆ ಜಾರಿತು.
ಹಿಂದೆ ಸ್ಟ್ರೆಚರಿನಲ್ಲಿ ಇಂಪಿ ಹೈಕ್ಕಿಲಾ, ಎಪ್ಪತ್ತೊಂಬತ್ತು,
ಸಿಲಿಂಡರಿನಲ್ಲಿ ಇಪ್ಪತ್ತು ನಿಮಿಷದ ಉಸಿರು.
"ಕೇಂದ್ರ, ಆರನೆಯ ಗಾಡಿ."
"ಕೇಂದ್ರ."
ಸರಸರ.
ಆ ಐದನೆಯ ಪೆಟ್ಟಿಗೆಯೊಳಗೆ
ಕೂತಿದ್ದೇನೆ ಅನ್ನಿಸಿತು.

ಗೋಪುರ ಬೇಡದ ನೇರ ಚಾನೆಲ್ಲಿಗೆ ತಿರುಗಿಸಿ,
ಯಾರಿಗೂ ಅಲ್ಲದೆ, ಹೇಳಿದೆ:
ತಿರುವು, ಕಂದಕ, ಇಂಪಿ, ಇಪ್ಪತ್ತು ನಿಮಿಷ.

ದಿಣ್ಣೆಯ ಮೇಲೆ ಒಂದು ಕಿಟಕಿ ಹೊತ್ತಿತು.
ಆರಿತು. ಹೊತ್ತಿತು.
ಆರಿತು.
ಹೊತ್ತಿತು.

ಗೋಡೆಯ ಹಳೆಯ ತಂತಿ ಫೋನಿನಲ್ಲಿ
ಯಾರ್ಯಾರನ್ನು ಎಬ್ಬಿಸಿದನೋ, ಹೇಗೆ ಕೂಗಿದನೋ;
ಹದಿನೇಳನೆಯ ನಿಮಿಷಕ್ಕೆ ಹಿಮ ತಳ್ಳುವ ಲಾರಿ ಬಂತು,
ಚಾಲಕನ ಕಾಲಲ್ಲಿ ಮನೆಯ ಚಪ್ಪಲಿ.
ಇಂಪಿ ಬದುಕಿದಳು. ಕಂಬಳಿ ಚುಚ್ಚುತ್ತಿತ್ತೆಂದು ದೂರಿದಳು.

ಬೆಳಗಿನ ಆರಕ್ಕೆ ಠಾಣೆಗೆ ಬಂದು ಹೇಳಿದೆ: ಬಂತು.
ದೀಪ ಆರಲಿಲ್ಲ.
ಮತ್ತೆ ಹೇಳಿದೆ. ಇಲ್ಲ.
ಮೊಣಕಾಲುದ್ದದ ಹಿಮದಲ್ಲಿ ದಿಣ್ಣೆ ಹತ್ತಿ ಬಾಗಿಲು ತಳ್ಳಿದೆ.
ಮೇಜಿಗೆ ಕೆನ್ನೆಯಿಟ್ಟು, ಬಾಯಿ ತೆರೆದು
ಗೊರಕೆ ಹೊಡೆಯುತ್ತಿದ್ದ.
ನಾಲ್ಕು ಪೆಟ್ಟಿಗೆಗಳು ಒಂದರ ಮೇಲೊಂದು ಮಾತಾಡುತ್ತಿದ್ದವು,
ಐದನೆಯದು ಸುಮ್ಮನೆ ಉಸಿರಾಡುತ್ತಿತ್ತು.

ದೀಪ ನಾನೇ ಆರಿಸಿದೆ.